ಆಕಾಶವಾಣಿಯಲ್ಲಿ ಒಂದು ದಿನ: ಕೇಳುಗರು ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯೊ ಹಚ್ಚಿದಾಗ ಏನು ಬರುತ್ತದೋ ಅದನ್ನೇ ಕೇಳುವುದು ಒಂದು ರೀತಿ. ಯಾವ ಹೊತ್ತಿಗೆ ಏನು ಬರುತ್ತದೆ, ಅದು ಆ ಹೊತ್ತಿಗೇ ಏಕೆ ಬರುತ್ತದೆ ಎಂದು ತಿಳಿದು ಕೇಳುವುದು ಇನ್ನೊಂದು ರೀತಿ. ಆ ಎರಡನೆಯ ರೀತಿಗೆ ಬೇಕಾದ ವಿವರಗಳು ಇಲ್ಲಿವೆ. ಉದಾಹರಣೆಗಳೆಲ್ಲ ಕರ್ನಾಟಕದ ನಿಲಯಗಳಿಗೆ ಸಂಬಂಧಿಸಿದವು. ವೇಳೆ ನಿಲಯದಿಂದ ನಿಲಯಕ್ಕೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಆಗಾಗ ಬದಲಾಗುತ್ತದೆ. ಹಾಗಾಗಿ ನಿಮ್ಮ ನಿಲಯ ಬೆಳಗ್ಗೆ ಹೇಳುವ ‘ಇಂದಿನ ಕಾರ್ಯಕ್ರಮಗಳ ವಿವರ’ವೇ ಕೊನೆಯ ಮಾತು.

ದಿನದ ಪ್ರಸಾರ ಎಷ್ಟು ಹೊತ್ತಿಗೆ ಶುರುವಾಗುತ್ತದೆ?

ಪ್ರಾದೇಶಿಕ ನಿಲಯಗಳಲ್ಲಿ ಬೆಳಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ಸಂಕೇತ ಸಂಗೀತ ಕೇಳಿಬರುತ್ತದೆ. ಅದರ ಹಿಂದೆಯೇ ವಂದೇ ಮಾತರಂ, ಬಳಿಕ ಮಂಗಳವಾದ್ಯ. ರಾತ್ರಿ ಹನ್ನೊಂದರ ಸುಮಾರಿಗೆ ದಿನ ಮುಗಿಯುತ್ತದೆ. ಹಿಂದೆ ಈ ಅವಧಿಯನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಪ್ರಸಾರಗಳಾಗಿ ಒಡೆದಿದ್ದರು. ನಡುವಿನ ಹೊತ್ತಿನಲ್ಲಿ ಪ್ರೇಷಕವನ್ನೇ (ಟ್ರಾನ್ಸ್‌ಮಿಟರ್) ನಿಲ್ಲಿಸುತ್ತಿದ್ದರು. ಈಗ ಹಲವು ನಿಲಯಗಳಲ್ಲಿ ಆ ಬಿಡುವು ತುಂಬಿಹೋಗಿದೆ, ಆದರೂ ‘ಮೊದಲನೆಯ ಪ್ರಸಾರ’, ‘ಮೂರನೆಯ ಪ್ರಸಾರ’ ಎಂಬ ಮಾತುಗಳು ನಿಲಯದೊಳಗೆ ಇಂದಿಗೂ ಬಳಕೆಯಲ್ಲಿವೆ.

ಆ ಸಂಕೇತ ಸಂಗೀತ ಯಾರದು?

ವಾಲ್ಟರ್ ಕಾಫ್‌ಮನ್ ಅವರದು. ನಾಜಿಗಳ ಕಾಲದ ಯುರೋಪನ್ನು ಬಿಟ್ಟು ಮುಂಬಯಿಗೆ ಬಂದ ಯಹೂದಿ ಸಂಗೀತಗಾರ ಅವರು. ಮುಂಬಯಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಹೊಣೆ ಹೊತ್ತಿದ್ದರು. ಕೆಳಗೆ ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲು ಎಳೆಯುವ ಒಂದು ಸಣ್ಣ ಸುರುಳಿ, ಅಷ್ಟೇ. ಶಿವರಂಜನಿಯ ಛಾಯೆ ಅದರಲ್ಲಿದೆ ಎಂದು ಸಂಗೀತ ಬಲ್ಲವರು ಗುರುತಿಸುತ್ತಾರೆ. ಇದಕ್ಕೊಂದು ಉಪಯೋಗವೂ ಇದೆ: ಮೊದಲ ಮಾತು ಬರುವ ಮುಂಚೆಯೇ ಕೇಳುಗರು ಮುಳ್ಳನ್ನು ಸರಿಯಾದ ಜಾಗಕ್ಕೆ ತಂದುಕೊಳ್ಳಬಹುದು.

ದಿನದ ಕಾರ್ಯಕ್ರಮಗಳು ಯಾವ ಕ್ರಮದಲ್ಲಿ ಬರುತ್ತವೆ? ಅದರಲ್ಲಿ ಏನಾದರೂ ಲೆಕ್ಕಾಚಾರ ಇದೆಯೇ?

ಇದೆ. ಮೊದಲು ದೆಹಲಿಯಿಂದಲೋ ಬೆಂಗಳೂರಿನಿಂದಲೋ ಬರುವ ವಾರ್ತೆಗಳನ್ನು ಗೂಟ ಹೊಡೆದ ಹಾಗೆ ನಿಗದಿ ಮಾಡುತ್ತಾರೆ. ಅವು ಒಂದು ನಿಮಿಷವೂ ಅಲುಗುವುದಿಲ್ಲ. ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ ಸಿಗುವ ಜಾಗದಲ್ಲಿ ನಿಲಯ ತನ್ನ ಮಾತು, ಸಂಗೀತಗಳನ್ನು ಹೊಂದಿಸುತ್ತದೆ. ಬೆಳಗಿನ ದೊಡ್ಡ ಗೂಟಗಳೆಂದರೆ ಏಳರ ಆಸುಪಾಸಿನ ಸಂಸ್ಕೃತ ಮತ್ತು ಕನ್ನಡ ವಾರ್ತೆಗಳು, 8 ಗಂಟೆಯ ಹಿಂದಿ, 8.15ರ ಇಂಗ್ಲಿಷ್ ವಾರ್ತೆ. ರಾತ್ರಿ 8.45ಕ್ಕೆ ಹಿಂದಿ, 9ಕ್ಕೆ ಇಂಗ್ಲಿಷ್.

ಉಳಿದದ್ದು ಮನೆಯ ದಿನಚರಿಯನ್ನು ಅನುಸರಿಸುತ್ತದೆ. ಆರರಿಂದ ಏಳರವರೆಗೆ ಭಕ್ತಿಗೀತೆ, ಮೂರರಿಂದ ಐದು ನಿಮಿಷದ ಚಿಂತನ, ರೈತರಿಗೆ ಸಲಹೆ. ಆ ಹೊತ್ತಿನಲ್ಲಿ ಕೇಳುಗರ ಕೈಯಲ್ಲಿ ಕೆಲಸವಿರುತ್ತದೆ, ಕಿವಿ ಮಾತ್ರ ಬಿಡುವಾಗಿರುತ್ತದೆ. ಹಾಗಾಗಿ ಎಲ್ಲವೂ ಚಿಕ್ಕ ತುಂಡುಗಳು. ವಾರ್ತೆಗಳ ನಂತರ ಶಾಸ್ತ್ರೀಯ ಸಂಗೀತಕ್ಕೆ ಅರ್ಧ ಗಂಟೆ ಸಿಗುತ್ತದೆ. ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ, ಜಾನಪದ ಸಂಗೀತ, ಕೇಳುಗರ ಮೆಚ್ಚಿನ ಚಿತ್ರಗೀತೆ. ಸಂಜೆ ಯುವಜನರ ಕಾರ್ಯಕ್ರಮ, ಆರೂವರೆಯ ಸುಮಾರಿಗೆ ಕೃಷಿರಂಗ, ಪ್ರದೇಶ ಸಮಾಚಾರ. ಊಟ ಮುಗಿದು ಮನೆ ಶಾಂತವಾದ ಮೇಲೆ ನಾಟಕ, ರೂಪಕ, ಸಾಹಿತ್ಯ ಸಂವಾದ, ರಾತ್ರಿಯ ಕಛೇರಿ. ಉದ್ದನೆಯ, ಗಮನ ಬೇಡುವ ಕಾರ್ಯಕ್ರಮಗಳೆಲ್ಲ ರಾತ್ರಿಗೆ ಜಾರಿರುವುದು ಈ ಕಾರಣದಿಂದಲೇ.

ಭಾನುವಾರ ಈ ಚೌಕಟ್ಟು ಸ್ವಲ್ಪ ಬದಲಾಗುತ್ತದೆ: ಮಕ್ಕಳ ಕಾರ್ಯಕ್ರಮಕ್ಕೆ ಬೆಳಗಿನ ಒಳ್ಳೆಯ ಹೊತ್ತು ಸಿಗುತ್ತದೆ.

ಬೆಳಗ್ಗೆ ಒಂದು ರಾಗ, ರಾತ್ರಿ ಇನ್ನೊಂದು ರಾಗ ಎಂದು ನಿಲಯವೇ ಆರಿಸುತ್ತದೆಯೇ?

ಹಿಂದೂಸ್ತಾನಿ ಸಂಗೀತದಲ್ಲಿ ಸಮಯದ ಕಟ್ಟು ಗಟ್ಟಿ. ಬೆಳಗಿನ ಪ್ರಸಾರದಲ್ಲಿ ಭೈರವ್, ತೋಡಿ, ನಡುಹಗಲಿಗೆ ಸಾರಂಗ್, ಮಧ್ಯಾಹ್ನ ಇಳಿಯುವಾಗ ಭೀಮಪಲಾಸಿ, ಮುಲ್ತಾನಿ, ಸಂಜೆಗೆ ಪೂರಿಯಾ, ಯಮನ್, ರಾತ್ರಿ ಬಾಗೇಶ್ರೀ, ಮಾಲಕಂಸ್, ದರ್ಬಾರಿ. ಧ್ವನಿಮುದ್ರಣಕ್ಕೆ ಕರೆಯುವಾಗಲೇ ಅದು ಯಾವ ಹೊತ್ತಿಗೆ ಪ್ರಸಾರವಾಗುತ್ತದೆ ಎಂದು ತಿಳಿಸಿರುತ್ತಾರೆ, ಕಲಾವಿದರು ಅದಕ್ಕೆ ತಕ್ಕ ರಾಗ ಹಾಡುತ್ತಾರೆ. ಕರ್ನಾಟಕ ಸಂಗೀತದಲ್ಲಿ ಈ ಕಟ್ಟು ಸಡಿಲ. ಆದರೂ ಭೂಪಾಳ, ಬೌಳಿ, ಮಲಯಮಾರುತ ಮುಂಜಾವಿಗೆ, ನೀಲಾಂಬರಿ ರಾತ್ರಿಗೆ ಎಂಬುದನ್ನು ಬಹುಮಟ್ಟಿಗೆ ಪಾಲಿಸುತ್ತಾರೆ. ದಿನವಿಡೀ ಕೇಳುವ ಅಭ್ಯಾಸ ಇಟ್ಟುಕೊಂಡರೆ ಕೆಲವು ವಾರಗಳಲ್ಲಿ ರಾಗದ ಹೆಸರು ಗೊತ್ತಿಲ್ಲದಿದ್ದರೂ ‘ಇದು ಸಂಜೆಯದು’ ಎಂದು ಕಿವಿಯೇ ಹೇಳತೊಡಗುತ್ತದೆ. ಸಂಗೀತ ಕಲಿಯುವ ಮಕ್ಕಳಿಗೆ ಇದಕ್ಕಿಂತ ಸುಲಭದ ಪಾಠ ಬೇರೆ ಇಲ್ಲ.

ಹಾಡು ನಡುವೆಯೇ ಕಡಿದುಹೋಗುತ್ತದೆ. ಏಕೆ?

ಮುಂದೆ ಒಂದು ಗೂಟ ಇರುತ್ತದೆ. ದೆಹಲಿಯ ವಾರ್ತೆ ಉಪಗ್ರಹದ ಮೂಲಕ ಎಲ್ಲ ನಿಲಯಗಳಿಗೂ ಒಂದೇ ಕ್ಷಣದಲ್ಲಿ ಬರುತ್ತದೆ, ಯಾವ ನಿಲಯಕ್ಕೂ ಅದು ಕಾಯುವುದಿಲ್ಲ. ಉದ್ಘೋಷಕರು ಹಾಡನ್ನು ನಿಧಾನವಾಗಿ ಇಳಿಸಿ, ನಿಲಯದ ಹೆಸರು ಹೇಳಿ, ದೆಹಲಿಗೆ ಸೇರಿಸಬೇಕು. ಹಿಂದಿನ ಭಾಷಣ ಅರ್ಧ ನಿಮಿಷ ಹೆಚ್ಚು ತೆಗೆದುಕೊಂಡಿದ್ದರೆ ಆ ಅರ್ಧ ನಿಮಿಷ ಹಾಡಿನಿಂದಲೇ ಹೋಗುತ್ತದೆ. ಸಮಯ ಉಳಿದರೆ ವಾದ್ಯಸಂಗೀತದ ಚಿಕ್ಕ ತುಣುಕು ಹಾಕುತ್ತಾರೆ, ಅದಕ್ಕೆ ‘ಫಿಲ್ಲರ್’ ಎನ್ನುತ್ತಾರೆ. ಫಿಲ್ಲರಿಗೆ ಹಾಡಿಗಿಂತ ವಾದ್ಯ ಮೇಲು, ಏಕೆಂದರೆ ಅದನ್ನು ಎಲ್ಲಿ ನಿಲ್ಲಿಸಿದರೂ ಮಾತು ತುಂಡಾಗುವುದಿಲ್ಲ.

ಬೆಂಗಳೂರು, ಧಾರವಾಡ ನಿಲಯಗಳು ರೇಡಿಯೊದಲ್ಲಿ ಎಲ್ಲಿ ಸಿಗುತ್ತವೆ?

ಮಧ್ಯಮ ತರಂಗದಲ್ಲಿ (ಮೀಡಿಯಂ ವೇವ್) ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107 ಕಿಲೋಹರ್ಟ್ಸ್. ಹಳಬರಿಗೆ ಮೀಟರಿನ ಲೆಕ್ಕ ನೆನಪಿರುತ್ತದೆ: 3,00,000ವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ತರಂಗಾಂತರ ಸಿಗುತ್ತದೆ. ಬೆಂಗಳೂರಿನ 612 ಎಂದರೆ 490.2 ಮೀಟರ್, ಧಾರವಾಡದ 765 ಎಂದರೆ 392.2 ಮೀಟರ್. ಎಫ್‌ಎಂನಲ್ಲಿ ಬೆಂಗಳೂರಿನ ರೇನ್‌ಬೋ 101.3, ವಿವಿಧ ಭಾರತಿ 102.9, ಮೈಸೂರು ಆಕಾಶವಾಣಿ 100.6 ಮೆಗಾಹರ್ಟ್ಸ್.

ಡಿಜಿಟಲ್ ಸೆಟ್ ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ನಮ್ಮಲ್ಲಿ ಮಧ್ಯಮ ತರಂಗದ ನಿಲಯಗಳು 9 ಕಿಲೋಹರ್ಟ್ಸ್ ಅಂತರದಲ್ಲಿವೆ. ಮೇಲಿನ ಐದೂ ಸಂಖ್ಯೆಗಳು 9ರಿಂದ ಭಾಗವಾಗುತ್ತವೆ. ಅಮೆರಿಕದ ಮಾರುಕಟ್ಟೆಯ ಸೆಟ್ಟುಗಳು 10ರ ಹೆಜ್ಜೆಯಲ್ಲಿ ಹೋಗುತ್ತವೆ. ಅಂಥ ಸೆಟ್ಟಿನಲ್ಲಿ 612 ಸಿಗದು, 610ಕ್ಕೆ ನಿಂತುಬಿಡುತ್ತದೆ. ಮಾತು ಕೇಳಿಸಿದರೂ ‘ಸ’ಕಾರವೆಲ್ಲ ಒಡೆದು ಬರುತ್ತದೆ. ಬಹಳಷ್ಟು ಸೆಟ್ಟುಗಳಲ್ಲಿ 9/10 ಬದಲಾಯಿಸುವ ಗುಂಡಿ ಹಿಂಬದಿಯಲ್ಲೋ ಮೆನುವಿನಲ್ಲೋ ಇರುತ್ತದೆ. ಸೆಟ್ ಹಾಳಾಗಿದೆ ಎಂದು ರಿಪೇರಿಗೆ ಕೊಡುವ ಮೊದಲು ಅದನ್ನು ಹುಡುಕಿ.

ಮಧ್ಯಮ ತರಂಗದಲ್ಲಿ ಬರೀ ಗೊರಗೊರ. ಏನು ಮಾಡಬೇಕು?

ಹತ್ತರಲ್ಲಿ ಎಂಟು ಸಲ ತಪ್ಪು ನಿಲಯದ್ದೂ ಅಲ್ಲ, ಸೆಟ್ಟಿನದ್ದೂ ಅಲ್ಲ, ಮನೆಯೊಳಗಿನ ವಿದ್ಯುತ್ ಉಪಕರಣಗಳದ್ದು. ಪರೀಕ್ಷಿಸುವುದು ಹೀಗೆ: ಸೆಟ್ಟನ್ನು ಬ್ಯಾಟರಿಯ ಮೇಲೆ ನಡೆಸಿ, ಮನೆಯ ಮೇನ್ ಸ್ವಿಚ್ ಒಂದು ನಿಮಿಷ ಆರಿಸಿ. ಗೊರಗೊರ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಮೇನ್ ಹಾಕಿ, ಒಂದೊಂದೇ ಉಪಕರಣ ಹಚ್ಚುತ್ತಾ ಬನ್ನಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಇನ್ವರ್ಟರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಇವೇ ಸಾಮಾನ್ಯ ಅಪರಾಧಿಗಳು. ಇವುಗಳೊಳಗಿನ ಸರ್ಕ್ಯೂಟು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತದೆ. ಆ ಕಡಿತವೇ ರೇಡಿಯೊಗೆ ಗದ್ದಲವಾಗಿ ಕೇಳುತ್ತದೆ. ಇನ್ವರ್ಟರಿಗೆ ಹೊರಳಿದಾಗ ಮೇನ್ ಆರಿಸಿದರೂ ಗದ್ದಲ ಮುಂದುವರಿಯಬಹುದು, ಆಗ ಇನ್ವರ್ಟರನ್ನೂ ಆರಿಸಿ ನೋಡಿ.

ಎರಡನೆಯದು ದಿಕ್ಕು. ಸೆಟ್ಟಿನೊಳಗೆ ಪೆನ್ಸಿಲಿನಂಥ ಒಂದು ಕಪ್ಪು ಫೆರೈಟ್ ಕಡ್ಡಿ, ಅದರ ಮೇಲೆ ತಂತಿಯ ಸುರುಳಿ ಇರುತ್ತದೆ. ಮಧ್ಯಮ ತರಂಗಕ್ಕೆ ಅದೇ ಆಂಟೆನಾ. ಹೊರಗೆ ಎಳೆಯುವ ಉಕ್ಕಿನ ಕಡ್ಡಿ ಇದಕ್ಕೆ ಉಪಯೋಗವಿಲ್ಲ, ಅದು ಎಫ್‌ಎಂ ಮತ್ತು ಶಾರ್ಟ್‌ವೇವಿಗೆ. ಫೆರೈಟ್ ಕಡ್ಡಿಯ ತುದಿ ನಿಲಯದ ಕಡೆಗೆ ತಿರುಗಿದ್ದರೆ ಧ್ವನಿ ಕ್ಷೀಣ, ಅಡ್ಡಲಾಗಿ ಇದ್ದರೆ ಜೋರು. ಆದ್ದರಿಂದ ಇಡೀ ಸೆಟ್ಟನ್ನೇ ಮೇಜಿನ ಮೇಲೆ ನಿಧಾನವಾಗಿ ಕಾಲು ಸುತ್ತು ತಿರುಗಿಸಿ ನೋಡಿ. ಕೆಲವೊಮ್ಮೆ ಗದ್ದಲದ ಮೂಲ ಕಡ್ಡಿಯ ತುದಿಗೆ ಬರುವಂತೆ ತಿರುಗಿಸುವುದೇ ಹೆಚ್ಚು ಲಾಭ: ನಿಲಯದ ಧ್ವನಿ ಸ್ವಲ್ಪ ಇಳಿದರೂ ಗೊರಗೊರ ಪೂರ್ತಿ ಅಡಗುತ್ತದೆ. ಕಬ್ಬಿಣದ ಬೀರು, ಫ್ರಿಜ್ಜುಗಳ ಮೇಲೆ ಸೆಟ್ ಇಡಬೇಡಿ. ಕಾಂಕ್ರೀಟ್ ಮನೆಯಾದರೆ ಕಿಟಕಿಯ ಪಕ್ಕವೇ ಸರಿ.

ದೂರದ ಊರಿನವರು ತಂತಿ ಸುತ್ತಿದ ಆಂಟೆನಾವೊಂದನ್ನು (ಲೂಪ್ ಆಂಟೆನಾ) ಮಾಡಿಕೊಳ್ಳಬಹುದು. 60 ಸೆಂಟಿಮೀಟರ್ ಚೌಕದ ಮರದ ಚೌಕಟ್ಟಿಗೆ ಎನಾಮಲ್ ಲೇಪದ ತಾಮ್ರದ ತಂತಿಯನ್ನು 12 ಸುತ್ತು ಸುತ್ತಿ, ಸುತ್ತುಗಳ ನಡುವೆ 6 ಮಿಲಿಮೀಟರ್ ಅಂತರ ಬಿಡಿ. ಸುಮಾರು 30 ಮೀಟರ್ ತಂತಿ ಬೇಕಾಗುತ್ತದೆ. ಎರಡು ತುದಿಗಳ ಲೇಪವನ್ನು ಕೆರೆದು 365 ಪಿಕೊಫ್ಯಾರಡ್ ಗ್ಯಾಂಗ್ ಕಂಡೆನ್ಸರಿಗೆ (ಹಳೆಯ ರೇಡಿಯೊಗಳಲ್ಲಿ ನಿಲಯ ಹಿಡಿಯಲು ತಿರುಗಿಸುವ ಭಾಗ) ಜೋಡಿಸಿ. ರೇಡಿಯೊಗೆ ಯಾವ ತಂತಿಯೂ ಬೇಡ, ಚೌಕಟ್ಟನ್ನು ಪಕ್ಕದಲ್ಲಿಟ್ಟು ಕಂಡೆನ್ಸರ್ ತಿರುಗಿಸುತ್ತಾ ಹೋದರೆ ಒಂದು ಬಿಂದುವಿನಲ್ಲಿ ನಿಲಯ ಥಟ್ಟನೆ ಮೇಲೇಳುತ್ತದೆ. ಏನೂ ಆಗದಿದ್ದರೆ ತುದಿಯ ಲೇಪ ಸರಿಯಾಗಿ ಹೋಗಿಲ್ಲ ಎಂದೇ ಮೊದಲು ಅನುಮಾನಿಸಿ. 600ರ ಕೆಳಗೆ ಮುಟ್ಟದಿದ್ದರೆ ಇನ್ನೊಂದು ಸುತ್ತು ಸೇರಿಸಿ.

ಹಗಲಲ್ಲಿ ಚೆನ್ನಾಗಿ ಬರುವ ನಿಲಯ ರಾತ್ರಿ ಏರಿಳಿಯುತ್ತದೆ, ಬೇರೆ ಭಾಷೆ ನುಸುಳುತ್ತದೆ. ಏಕೆ?

ಹಗಲಲ್ಲಿ ವಾತಾವರಣದ ಮೇಲುಪದರವೊಂದು ಮಧ್ಯಮ ತರಂಗವನ್ನು ಹೀರಿಕೊಳ್ಳುತ್ತದೆ. ಆಗ ನೆಲದ ಮೇಲೆ ಹರಿದುಬರುವ ಅಲೆ ಮಾತ್ರ ನಿಮಗೆ ತಲುಪುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಇನ್ನೂ ಮೇಲಿನ ಪದರದಿಂದ ಅಲೆಗಳು ಪುಟಿದು ನೂರಾರು ಕಿಲೋಮೀಟರ್ ದೂರ ಬಂದು ಬೀಳುತ್ತವೆ. ಅದೇ ಕಂಪನಾಂಕದ ದೂರದ ನಿಲಯ ಆಗ ನಿಮ್ಮ ಮನೆಗೂ ಬರುತ್ತದೆ. ನಿಮ್ಮದೇ ನಿಲಯದ ನೆಲದ ಅಲೆಯೂ ಪುಟಿದು ಬಂದ ಅಲೆಯೂ ಒಂದನ್ನೊಂದು ಕೂಡುವಾಗ ಧ್ವನಿ ಏರುತ್ತದೆ, ಕಳೆಯುವಾಗ ಇಳಿಯುತ್ತದೆ. ಇದಕ್ಕೆ ರಿಪೇರಿ ಇಲ್ಲ. ಸೆಟ್ಟನ್ನು ತಿರುಗಿಸಿ ನುಸುಳುವ ನಿಲಯವನ್ನು ತಗ್ಗಿಸಬಹುದು. ರಾತ್ರಿಯ ನಾಟಕ, ಕಛೇರಿಗಳನ್ನು ಪೂರ್ತಿ ಕೇಳಲೇಬೇಕೆಂದರೆ ಎಫ್‌ಎಂ ಅಥವಾ ಆ್ಯಪ್ ಹಿಡಿಯಿರಿ.

ಎಫ್‌ಎಂ ಸರಿಯಾಗಿ ಸಿಗಲು?

ಕಡ್ಡಿಯನ್ನು ಸುಮಾರು 75 ಸೆಂಟಿಮೀಟರಿಗೆ ಎಳೆಯಿರಿ. 100 ಮೆಗಾಹರ್ಟ್ಸಿನ ಅಲೆಯ ಕಾಲು ಭಾಗ ಅಷ್ಟೇ ಉದ್ದ. ಮೊಬೈಲಿನಲ್ಲಿ ತಂತಿಯ ಇಯರ್‌ಫೋನೇ ಆಂಟೆನಾ, ಅದನ್ನು ಸುರುಳಿ ಸುತ್ತಿ ಕಿಸೆಯಲ್ಲಿಟ್ಟರೆ ಧ್ವನಿ ಒಡೆಯುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಸಾಗುತ್ತದೆ, ಗುಡ್ಡದ ಹಿಂದೆ ಇಳಿಯುವುದಿಲ್ಲ. ಮಲೆನಾಡಿನ ಕಣಿವೆಯ ಮನೆಗಳಲ್ಲಿ ಹತ್ತಿರದ ಎಫ್‌ಎಂ ಸಿಗದೆ ದೂರದ ಮಧ್ಯಮ ತರಂಗ ಸಿಗುವುದು ಇದರಿಂದಲೇ.

ಆ್ಯಪ್‌ನಲ್ಲಿ ಕೇಳಿದರೆ ಎಷ್ಟು ಡೇಟಾ ಖರ್ಚಾಗುತ್ತದೆ? ಗಡಿಯಾರ ಸರಿಮಾಡಿಕೊಳ್ಳಬಹುದೇ?

ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ದೇಶದ ನಿಲಯಗಳು ಸಿಗುತ್ತವೆ. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ, ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ ನೀಡುವ ‘ರಾಗಂ’ ವಾಹಿನಿಯೂ ಅಲ್ಲಿದೆ. ಸೆಕೆಂಡಿಗೆ 64 ಕಿಲೋಬಿಟ್ ಹರಿವು ಎಂದಿಟ್ಟುಕೊಂಡರೆ ಗಂಟೆಗೆ 29 ಎಂಬಿ, ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಬಿಡದೆ ಕೇಳಿದರೆ 460 ಎಂಬಿ. ಪರದೆ ಆರಿಸಿ ಕೇಳಿ, ಬ್ಯಾಟರಿ ಉಳಿಯುತ್ತದೆ. ಪರದೆ ಆರಿದೊಡನೆ ಧ್ವನಿಯೂ ನಿಂತರೆ ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ ಆ್ಯಪನ್ನು ಹೊರಗಿಡಿ.

ಗಡಿಯಾರದ ವಿಷಯಕ್ಕೆ ಆ್ಯಪ್ ಬೇಡ. ಅಂತರ್ಜಾಲದ ಮೂಲಕ ಬರುವ ಧ್ವನಿ ಹತ್ತಾರು ಸೆಕೆಂಡು ತಡವಾಗಿರುತ್ತದೆ, ಡಿಟಿಎಚ್‌ನಲ್ಲೂ ವಿಳಂಬ ಇದ್ದೇ ಇದೆ. ವಾರ್ತೆಗೆ ಮುಂಚೆ ಕೇಳುವ ‘ಪೀಂ ಪೀಂ’ ಸದ್ದಿಗೆ ಗಡಿಯಾರ ಹೊಂದಿಸುವುದಾದರೆ ಹಳೆಯ ಮಧ್ಯಮ ತರಂಗದ ಸೆಟ್ಟನ್ನೇ ನಂಬಿ.

ರೇಡಿಯೊ ನಾಟಕ ಅರ್ಥವಾಗುವುದಿಲ್ಲ, ಯಾರು ಮಾತಾಡುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ.

ಚಿಂತನವನ್ನು ಸೊಪ್ಪು ಬಿಡಿಸುತ್ತಾ ಕೇಳಬಹುದು, ನಾಟಕವನ್ನು ಹಾಗೆ ಕೇಳಲಾಗದು. ಮೊದಲ ಐದು ನಿಮಿಷದಲ್ಲಿ ಪಾತ್ರಗಳ ಹೆಸರು ಮತ್ತು ಧ್ವನಿಗಳನ್ನು ಜೋಡಿಸಿಕೊಡುತ್ತಾರೆ. ಅದನ್ನು ತಪ್ಪಿಸಿಕೊಂಡರೆ ಉಳಿದ ಅರ್ಧ ಗಂಟೆ ಮಬ್ಬಾಗಿಯೇ ಇರುತ್ತದೆ. ಒಳ್ಳೆಯ ರೇಡಿಯೊ ನಾಟಕಕಾರರು ಆರಂಭದ ಸಂಭಾಷಣೆಯಲ್ಲೇ ಪಾತ್ರಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತೆ ಬರೆಯುತ್ತಾರೆ. ಒಂದೇ ದೃಶ್ಯದಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ಜನರನ್ನು ಮಾತಾಡಿಸುವುದಿಲ್ಲ, ಅವರಲ್ಲೂ ದಪ್ಪ, ತೆಳು, ಮುದಿ, ಎಳೆಯ ಧ್ವನಿಗಳನ್ನು ಬೆರೆಸುತ್ತಾರೆ.

ಇನ್ನು ದೂರ. ಮೈಕಿಗೆ ತೀರಾ ಹತ್ತಿರದ ಪಿಸುಮಾತು ಎಂದರೆ ಮನಸ್ಸಿನೊಳಗಿನ ಮಾತು. ಒಂದು ಮೊಳ ದೂರದ್ದು ಎದುರಿನ ಮಾತು. ಮೈಕಿಗೆ ಬೆನ್ನು ಹಾಕಿ ಕೂಗಿದ್ದು ಅಂಗಳದಾಚೆಯಿಂದ ಬಂದದ್ದು. ಇದನ್ನು ಗಮನಿಸಲು ಇಯರ್‌ಫೋನ್ ಒಳ್ಳೆಯದು. ತೆಂಗಿನ ಕರಟದಿಂದ ಕುದುರೆಯ ಗೊರಸು, ಸರಸರ ಕಾಗದದಿಂದ ಬೆಂಕಿ ಹುಟ್ಟಿಸುವ ಕಲೆಯೂ ಇದೇ ಲೋಕದ್ದು. ಸದ್ದು ನಿಜವಾಗಿ ಯಾವುದರಿಂದ ಬಂತು ಎಂಬುದು ಮುಖ್ಯವಲ್ಲ, ಕಿವಿ ಏನೆಂದು ನಂಬಿತು ಎಂಬುದು ಮುಖ್ಯ. ದೇಶದ ಒಂದು ಭಾಷೆಯ ನಾಟಕವನ್ನು ಉಳಿದ ಭಾಷೆಗಳಿಗೆ ಅನುವಾದಿಸಿ ಪ್ರಸಾರ ಮಾಡುವ ರಾಷ್ಟ್ರೀಯ ನಾಟಕಗಳನ್ನು ಬಿಡದೆ ಕೇಳಿ. ಅಸ್ಸಾಮಿನ, ಕೇರಳದ ಕಥೆಗಳು ಕನ್ನಡದ ಬಾಯಲ್ಲಿ ಮನೆಗೆ ಬರುತ್ತವೆ.

ನಾನೂ ಒಂದು ಭಾಷಣ ಕೊಡಬೇಕು. ಎಷ್ಟು ಬರೆಯಬೇಕು, ಹೇಗೆ ಬರೆಯಬೇಕು?

ಕನ್ನಡದಲ್ಲಿ ಸಮಾಧಾನವಾಗಿ ಓದಿದರೆ ನಿಮಿಷಕ್ಕೆ 80ರಿಂದ 90 ಪದ. ಐದು ನಿಮಿಷದ ಚಿಂತನಕ್ಕೆ 400ರಿಂದ 450 ಪದ ಸಾಕು. ಬಂದ ಬರಹಗಳಲ್ಲಿ ಹೆಚ್ಚಿನವು ಇದರ ಒಂದೂವರೆಪಟ್ಟು ಇರುತ್ತವೆ. ಆಗ ಲೇಖಕರು ಓಡಿಸಿ ಓದುತ್ತಾರೆ, ಕೇಳುಗರಿಗೆ ಏನೂ ಹತ್ತುವುದಿಲ್ಲ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಎರಡು ಸಲ ಓದಿ, ಹತ್ತು ಸೆಕೆಂಡು ಉಳಿಯುವಂತೆ ಕತ್ತರಿಸಿ. ಮನಸ್ಸಿನಲ್ಲೇ ಓದಿ ಅಳೆದ ಲೆಕ್ಕ ಯಾವಾಗಲೂ ತಪ್ಪುತ್ತದೆ.

ಕೇಳುವವರು ಹಿಂದಿನ ಪುಟ ತಿರುವಲಾರರು. ಅದಕ್ಕೇ ಒಂದು ವಾಕ್ಯಕ್ಕೆ ಒಂದೇ ಸಂಗತಿ. ‘ಮೇಲೆ ಹೇಳಿದಂತೆ’, ‘ಈ ಕೆಳಗಿನ’ ಎಂಬ ಮಾತುಗಳಿಗೆ ರೇಡಿಯೊದಲ್ಲಿ ಅರ್ಥವಿಲ್ಲ. ‘4,87,350’ ಎಂದು ಬರೆಯುವ ಬದಲು ‘ಸುಮಾರು ಐದು ಲಕ್ಷ’ ಎನ್ನಿ. ಆವರಣದಲ್ಲಿ ಏನನ್ನೂ ಹಾಕಬೇಡಿ, ಆವರಣ ಕಿವಿಗೆ ಕಾಣಿಸದು.

ಕಾಗದದ ಒಂದೇ ಮಗ್ಗುಲಿನಲ್ಲಿ, ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆಯಿರಿ. ಪುಟದ ಕೊನೆಗೆ ವಾಕ್ಯವೂ ಮುಗಿಯಲಿ. ಪಿನ್ನು ಹೊಡೆದ ಕಾಗದ ತಿರುವುವ ಸದ್ದು ಮೈಕಿನಲ್ಲಿ ಒಣ ಎಲೆ ತುಳಿದಂತೆ ಕೇಳುತ್ತದೆ, ಬಿಡಿ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ. ಮೈಕಿನಿಂದ ಒಂದು ಗೇಣು ದೂರ, ಬಾಯಿ ಅದಕ್ಕೆ ನೇರವಾಗಿರದೆ ತುಸು ಓರೆಯಾಗಿರಲಿ. ‘ಫ’, ‘ಭ’, ‘ಪ’ ಬಂದಾಗ ಬಾಯಿಂದ ಗಾಳಿ ನುಗ್ಗಿ ಮೈಕ್ ‘ಧಬ್’ ಎನ್ನುತ್ತದೆ. ಓರೆಯಾಗಿದ್ದರೆ ಆ ಗಾಳಿ ಪಕ್ಕಕ್ಕೆ ಹೋಗುತ್ತದೆ. ಮಹಾಪ್ರಾಣ ತಪ್ಪಬಾರದು ಎಂದು ಒತ್ತಿ ಒತ್ತಿ ಉಚ್ಚರಿಸುವವರಲ್ಲಿ ಈ ತೊಂದರೆ ಹೆಚ್ಚು. ಅಕಾರ ಹಕಾರ, ಲಕಾರ ಳಕಾರ ಬೆರೆಯದಂತೆ ನೋಡಿಕೊಂಡರೆ ಸಾಕು, ಊರ ಮಾತಿನ ಸೊಗಡನ್ನು ತೊಳೆದುಹಾಕುವ ಅಗತ್ಯವಿಲ್ಲ. ಧಾರವಾಡದ ಮಾತು ಧಾರವಾಡದ್ದಾಗಿಯೇ ಕೇಳಿದರೆ ಚೆಂದ.

ಆಕಾಶವಾಣಿಯ ಪ್ರಸಾರ ಸಂಹಿತೆಯನ್ನೂ, ಅಂದರೆ ಏನನ್ನು ಪ್ರಸಾರ ಮಾಡಬಾರದು ಎಂಬ ನಿಯಮಗಳನ್ನೂ, ಗಮನದಲ್ಲಿಡಿ. ಸ್ನೇಹಪರ ದೇಶಗಳ ನಿಂದೆ, ಧರ್ಮ ಅಥವಾ ಸಮುದಾಯದ ಮೇಲಿನ ದಾಳಿ, ಅಶ್ಲೀಲ, ಹಿಂಸೆಗೆ ಪ್ರಚೋದನೆ, ನ್ಯಾಯಾಂಗ ನಿಂದನೆ, ಹೆಸರು ಹಿಡಿದು ರಾಜಕೀಯ ಪಕ್ಷವೊಂದರ ಮೇಲಿನ ದಾಳಿ ಇವು ಸಲ್ಲವು. ನಿಮ್ಮ ಬರಹವನ್ನು ಮೊದಲೇ ಕೇಳಿ ಪಡೆಯುವುದು ಇದನ್ನು ನೋಡಲು ಮತ್ತು ಸಮಯ ಅಳೆಯಲು.

ಸಂಗೀತಗಾರರಿಗೆ ‘ಗ್ರೇಡ್’ ಎಂದರೇನು?

ಧ್ವನಿ ಪರೀಕ್ಷೆಯಲ್ಲಿ ಗೆದ್ದವರಿಗೆ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಿವೆ. ಹತ್ತಿರದ ನಿಲಯಕ್ಕೆ ಅರ್ಜಿ ಹಾಕಬೇಕು. ಶಾಸ್ತ್ರೀಯ ಸಂಗೀತಕ್ಕಾದರೆ ನಿಮಗೆ ಬರುವ ರಾಗಗಳ ಪಟ್ಟಿ ಕೊಡಬೇಕು, ಅದರಲ್ಲಿ ಯಾವುದನ್ನು ಬೇಕಾದರೂ ಕೇಳಬಹುದು. ತೀರ್ಪುಗಾರರು ಹೆಸರು ತಿಳಿಯದೆ ಧ್ವನಿಯನ್ನಷ್ಟೇ ಕೇಳಿ ನಿರ್ಧರಿಸುವುದು ಈ ಪದ್ಧತಿಯ ಜೀವಾಳ. ಸೋಲಲು ಸಾಮಾನ್ಯ ಕಾರಣಗಳು ಮೂರು: ಪಟ್ಟಿ ಉದ್ದವಾಗಲಿ ಎಂದು ಅರ್ಧಂಬರ್ಧ ಬರುವ ರಾಗ ಸೇರಿಸುವುದು, ಮನೆಯ ಅಭ್ಯಾಸಕ್ಕಿಂತ ಎತ್ತರದ ಶ್ರುತಿ ಹಿಡಿಯುವುದು, ಸಿಕ್ಕ ಕೆಲವೇ ನಿಮಿಷಗಳಲ್ಲಿ ಆಲಾಪಕ್ಕೇ ಎಲ್ಲ ಸಮಯ ಕೊಟ್ಟು ತಾಳದ ಹಿಡಿತ ತೋರಿಸದಿರುವುದು.

ಹಿಂದೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ, ಚಿತ್ರಗೀತೆ ಇರಲಿಲ್ಲವಂತೆ, ನಿಜವೇ?

ನಿಜ. 1940ರಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧ ಬಂತು. ಅದರ ಸ್ವರಗಳು ಮೆಟ್ಟಿಲಿನಂತೆ ಬಿಡಿಬಿಡಿ, ಸ್ವರವನ್ನು ತೂಗುವ ಗಮಕ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರಲಾರವು ಎಂಬುದು ವಾದ. 1970ರ ದಶಕದ ಆರಂಭದಲ್ಲಿ ಅದು ಸಡಿಲವಾಯಿತು. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಸಚಿವರಾದ ಮೇಲೆ ಚಿತ್ರಗೀತೆಗಳೂ ಮರೆಯಾದವು. ಕೇಳುಗರು ಮುಳ್ಳನ್ನು ಚಿತ್ರಗೀತೆ ಹಾಕುತ್ತಿದ್ದ ರೇಡಿಯೊ ಸಿಲೋನಿಗೆ ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಇದಕ್ಕೆ ಉತ್ತರವಾಗಿ. ಆದರೆ ಅದೇ ಕೇಸ್ಕರ್ ಅವರ ಕಾಲದಲ್ಲೇ, 1952ರ ಜುಲೈಯಲ್ಲಿ, ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾಯಿತು. ದೊಡ್ಡ ಕಲಾವಿದರ ಕಛೇರಿ ಟಿಕೆಟ್ಟಿಲ್ಲದೆ ಹಳ್ಳಿಗೂ ತಲುಪಿತು. ಎರಡನ್ನೂ ಒಟ್ಟಿಗೆ ನೆನೆಯುವುದು ನ್ಯಾಯ.

‘ಆಕಾಶವಾಣಿ’ ಹೆಸರಿಗೂ ಮೈಸೂರಿಗೂ ಏನು ಸಂಬಂಧ?

ಮಹಾರಾಜ ಕಾಲೇಜಿನ ಮನೋವಿಜ್ಞಾನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್ ಪ್ರೇಷಕದಲ್ಲಿ ಪ್ರಸಾರ ಆರಂಭಿಸಿದರು. ಆ ನಿಲಯ ‘ಆಕಾಶವಾಣಿ’ ಎಂದು ಹೆಸರಾಯಿತು. 1936ರ ಜೂನ್ 8ರಂದು ‘ಆಲ್ ಇಂಡಿಯಾ ರೇಡಿಯೊ’ ಎಂದಾಗಿದ್ದ ರಾಷ್ಟ್ರೀಯ ಬಾನುಲಿ 1950ರ ದಶಕದಲ್ಲಿ ಇದೇ ಹೆಸರನ್ನು ತನ್ನದಾಗಿಸಿಕೊಂಡಿತು. 2023ರಿಂದ ಎಲ್ಲ ಭಾಷೆಗಳಲ್ಲೂ ‘ಆಕಾಶವಾಣಿ’ ಒಂದೇ. ಧಾರವಾಡ ನಿಲಯ 1950ರ ಜನವರಿ 8ರಂದು, ಬೆಂಗಳೂರು ನಿಲಯ 1955ರ ನವೆಂಬರ್ 2ರಂದು ಆರಂಭವಾದವು. ಧಾರವಾಡ ನಿಲಯಕ್ಕೆ ಬೇಂದ್ರೆಯವರೂ ಮಲ್ಲಿಕಾರ್ಜುನ ಮನ್ಸೂರರೂ ಸಲಹೆಗಾರರಾಗಿದ್ದರು ಎಂದರೆ ಮಾತಿಗೂ ಸಂಗೀತಕ್ಕೂ ಅಲ್ಲಿದ್ದ ಮಟ್ಟ ತಿಳಿಯುತ್ತದೆ.

ಅಡಿಕೆ, ಕೊಬ್ಬರಿ ಧಾರಣೆ ಓದುವ ವೇಗಕ್ಕೆ ಬರೆದುಕೊಳ್ಳಲಾಗುವುದಿಲ್ಲ.

ಮೊದಲೇ ಮನೆಗಳನ್ನು ಗೆರೆ ಹಾಕಿಟ್ಟುಕೊಳ್ಳಿ: ಎಡಗಡೆ ಮಾರುಕಟ್ಟೆ ಮತ್ತು ಬಗೆ (ಅಡಿಕೆಯಾದರೆ ರಾಶಿ, ಬೆಟ್ಟೆ, ಗೊರಬಲು, ಸರಕು), ಬಲಗಡೆ ಕನಿಷ್ಠ, ಗರಿಷ್ಠ, ಹೆಚ್ಚು ವಹಿವಾಟು ನಡೆದ ದರ. ದರ ಕ್ವಿಂಟಲಿಗೆ, ಅಂದರೆ 100 ಕಿಲೋಗೆ. ಗರಿಷ್ಠ ದರ ನೋಡಿ ಮಾಲು ಒಯ್ಯಬೇಡಿ, ಅದು ಒಂದೇ ಒಳ್ಳೆಯ ಲಾಟಿಗೆ ಸಿಕ್ಕಿದ್ದಿರಬಹುದು. ಕೊನೆಯ ಅಂಕಣವೇ ನಿಮ್ಮದು.

ಫೋನ್‌-ಇನ್ ಕಾರ್ಯಕ್ರಮದಲ್ಲಿ ಮಾತಾಡುವಾಗ ‘ರೇಡಿಯೊ ಧ್ವನಿ ಕಡಿಮೆ ಮಾಡಿ’ ಎನ್ನುತ್ತಾರೆ. ಏಕೆ?

ನಿಮ್ಮ ಮಾತು ನಿಲಯಕ್ಕೆ ಹೋಗಿ, ರೇಡಿಯೊದಿಂದ ಹೊರಬಂದು, ಮತ್ತೆ ಫೋನಿನೊಳಗೆ ಹೋಗುತ್ತದೆ. ಅದೇ ಸುತ್ತು ಕೀರಲು ಕೂಗಾಗುತ್ತದೆ. ಆ್ಯಪ್‌ನಲ್ಲಿ ಕೇಳುತ್ತಿದ್ದರೆ ನಿಮ್ಮದೇ ಮಾತು ತಡವಾಗಿ ಕಿವಿಗೆ ಬಿದ್ದು ನಾಲಿಗೆ ತೊಡರುತ್ತದೆ. ಕಡಿಮೆ ಮಾಡುವುದಕ್ಕಿಂತ ಪೂರ್ತಿ ಆರಿಸಿ ಬೇರೆ ಕೋಣೆಗೆ ಹೋಗುವುದು ಒಳ್ಳೆಯದು. ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರ ಕಾರ್ಯಕ್ರಮವಾದರೆ ವಯಸ್ಸು, ಎಷ್ಟು ದಿನದಿಂದ ತೊಂದರೆ, ಈಗ ತೆಗೆದುಕೊಳ್ಳುತ್ತಿರುವ ಔಷಧ ಈ ಮೂರನ್ನು ಮೊದಲೇ ಹೇಳಿದರೆ ಉತ್ತರಕ್ಕೆ ಹೆಚ್ಚು ಸಮಯ ಉಳಿಯುತ್ತದೆ.

ಕಛೇರಿಯನ್ನು ಧ್ವನಿಮುದ್ರಿಸಿಕೊಳ್ಳಬಹುದೇ?

ನಿಮ್ಮ ಸ್ವಂತ ಕೇಳ್ವಿಕೆಗೆ ಇಟ್ಟುಕೊಳ್ಳುವುದು ಬೇರೆ, ಯೂಟ್ಯೂಬಿಗೆ ಹಾಕುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ರೇಡಿಯೊದ ಎದುರು ಫೋನ್ ಇಟ್ಟು ಮುದ್ರಿಸಿದರೆ ಕುಕ್ಕರಿನ ಸೀಟಿಯೂ ಸೇರುತ್ತದೆ. ಇಯರ್‌ಫೋನ್ ತೂತಿನಿಂದ 3.5 ಮಿಲಿಮೀಟರ್ ಕೇಬಲ್ ಮೂಲಕ ರೆಕಾರ್ಡರಿನ ಲೈನ್ ಇನ್‌ಗೆ ಕೊಡಿ. ರೇಡಿಯೊದ ಧ್ವನಿಯನ್ನು ಕಾಲು ಭಾಗಕ್ಕೆ ಇಟ್ಟು ಶುರುಮಾಡಿ, ತಾರಸ್ಥಾಯಿಯ ಜೋರು ಹಾಡಿನಲ್ಲೂ ಮಾಪಕದ ಮುಳ್ಳು ಕೆಂಪಿಗೆ ಹೋಗದಂತೆ ಹೊಂದಿಸಿ. ಒಮ್ಮೆ ಒಡೆದು ಮುದ್ರಿತವಾದ ಸ್ವರವನ್ನು ಆಮೇಲೆ ಸರಿಪಡಿಸಲಾಗದು.

ಸೆಟ್ಟಿನ ಬ್ಯಾಟರಿ ಬೇಗ ಮುಗಿಯುತ್ತದೆ.

ಧ್ವನಿ ಜೋರಾದಷ್ಟೂ ಸೆಲ್ಲು ಬೇಗ ಸಾಯುತ್ತದೆ, ಅದರಲ್ಲೂ ಮಂದ್ರ ಸ್ವರಗಳು ಹೆಚ್ಚು ತಿನ್ನುತ್ತವೆ. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಬೆರೆಸಬೇಡಿ. ಹಳೆಯದು ಮೊದಲು ಬರಿದಾಗಿ ಸೋರುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ಲು ತೆಗೆದಿಡಿ. ಕ್ಷಾರೀಯ ಸೆಲ್ಲು ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ವಿನೆಗರ್ ಅದ್ದಿದ ಹತ್ತಿಯ ಕಡ್ಡಿಯಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ಲು ಹಾಕಿ.